ಸೋದರಮಾವನ ಜಾಗ

ಅವರ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಾಗಿ ಅಲ್ಲ, ಜೋಳದ ಹಿಟ್ಟಿನಿಂದ. ಕಿವಿಯೊಳಗಿನ ಕೂದಲಿಗೆ, ಕೊರಳಿನ ದಾರಕ್ಕೆ, ಅಂಗಿಯ ಗುಂಡಿಯ ತೂತಿಗೆ ಕೂಡ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಧಾರವಾಡದ ನಮ್ಮ ಓಣಿಯ ಮೂಲೆಯಲ್ಲಿ ಅವರ ಹಿಟ್ಟಿನ ಗಿರಣಿ. ನಮಗೆಲ್ಲ ಅವರು ಗಿರಣಿ ಕಾಕಾ. ನಮ್ಮ ಮನೆಗೂ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಲ್ಲು ತಿರುಗುವಾಗ ನಮ್ಮ ಅಡುಗೆಮನೆಯ ಡಬ್ಬಿಗಳು ಸಣ್ಣಗೆ ನಡುಗುತ್ತಿದ್ದವು. ನಾನು ಆ ಸದ್ದಿನಲ್ಲೇ ಓದಿ ಪಾಸಾದವಳು.

ಎಂಥ ದೊಡ್ಡ ಹಬ್ಬವಿದ್ದರೂ ಗಿರಣಿ ಅರ್ಧ ದಿನವಾದರೂ ತೆರೆದಿರುತ್ತಿತ್ತು. ಮತದಾನದ ದಿನ ಮಾತ್ರ ಕಾಕಾ ಬಾಗಿಲು ಹಾಕುತ್ತಿದ್ದರು. ಅಂದು ತಿಕ್ಕಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಧೋತರದಲ್ಲಿ ಹೊರಬಂದರೆ ಕಪ್ಪು ಹುಬ್ಬಿನ ಆ ಮುಖ ಗುರುತು ಹತ್ತದೆ, ಯಾರೋ ಬೀಗರು ಬಂದರೆಂದು ಸಣ್ಣ ಮಕ್ಕಳು ಒಳಗೆ ಓಡುತ್ತಿದ್ದವು. ಮತಗಟ್ಟೆ ತೆರೆಯುವ ಮೊದಲೇ ಕಾಕಾ ಮನೆಮನೆಯ ಚಿಲಕ ಬಡಿಯುತ್ತಿದ್ದರು. ನಡೆಯಲಾಗದವರಿಗೆ ಆಟೋ, ಹಸುಗೂಸಿನ ತಾಯಂದಿರಿದ್ದರೆ ಕೂಸು ನೋಡಿಕೊಳ್ಳಲು ಅವರ ಹೆಂಡತಿ, ನಮ್ಮ ಕಾಕು.

ಒಂದು ಸಲ ನನ್ನ ಅವ್ವ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, “ನನ್ನೊಬ್ಬಾಕಿ ಓಟು ಬೀಳದಿದ್ರ ಏನ್ ಮುಳಗತೈತ್ರಿ?” ಅಂದಳು.

ಕಾಕಾ ಹೊಸ್ತಿಲಲ್ಲೇ ನಿಂತರು. “ಗಿರಣ್ಯಾಗ ಕಾಳು ಬೀಳೂದು ನಿಂತ್ರ ಏನಾಗ್ತೈತಿ ಗೊತ್ತೈತೇನ್ರಿ ವೈನಿ? ಕಲ್ಲಿಗೆ ಕಲ್ಲು ತಿಕ್ಕತೈತಿ. ಆಮ್ಯಾಲೆ ಹಿಟ್ಟಿನ ಬದ್ಲಿ ಕಲ್ಲಿನ ಪುಡಿ ತಿನ್ನಬೇಕಾಗ್ತೈತಿ. ಏಳ್ರಿ, ಲಗೂ ಹೋಗಿ ಬರೂಣು.”

ಅವ್ವ ಕೈ ತೊಳೆದುಕೊಂಡು ಎದ್ದಳು. ಯಾರಿಗೆ ಹಾಕಬೇಕೆಂದು ಮಾತ್ರ ಆ ದಿನ ಅವರು ಯಾರಿಗೂ ಹೇಳುತ್ತಿರಲಿಲ್ಲ. ಯಾರಾದರೂ ತಾವಾಗಿಯೇ ಹೇಳಹೋದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಮೊದಲ ಓಟಿಗೂ ಅವರೇ ಕರೆದುಕೊಂಡು ಹೋಗಿ, ಬರುವಾಗ ಗಿರಮಿಟ್ಟು ಮಿರ್ಚಿ ಕೊಡಿಸಿದ್ದರು.

ಉಳಿದ ದಿನಗಳಲ್ಲಿ ಮಾತ್ರ ಕಾಕಾ ಪೂರ್ತಿ ಧಣಿಯ ಮನುಷ್ಯ. ನಮ್ಮ ಭಾಗದಲ್ಲಿ ಇಬ್ಬರು ದೊಡ್ಡ ನಾಯಕರಿದ್ದರು. ಒಬ್ಬರನ್ನು ಜನ ಧಣಿ ಅನ್ನುತ್ತಿದ್ದರು, ಇನ್ನೊಬ್ಬರನ್ನು ಗೌಡರು. ಬೇರೆ ಬೇರೆ ಪಕ್ಷ. ಒಂದು ಸಲ ಇವರು ಗೆದ್ದರೆ ಮತ್ತೊಂದು ಸಲ ಅವರು. ಭಾಷಣಕ್ಕೆ ನಿಂತರೆ ಒಬ್ಬರನ್ನೊಬ್ಬರು ಹರಿದು ಹಾಕುತ್ತಿದ್ದರು. ಧಣಿ ಒಮ್ಮೆ ಪ್ರಚಾರಕ್ಕೆ ಬಂದಾಗ ಗಿರಣಿಯೊಳಗೆ ಹೊಕ್ಕು ಕಾಕಾನ ಹೆಗಲ ಮೇಲೆ ಕೈ ಹಾಕಿದ್ದರಂತೆ. ಅಂಗಿಗೆ ಹಿಟ್ಟು ಹತ್ತಿದರೂ ಕೊಡವಿಕೊಳ್ಳಲಿಲ್ಲವಂತೆ. ಅಷ್ಟಕ್ಕೇ ನಮ್ಮ ಕಾಕಾ ಸೋತುಹೋದರು. ಬಿಳಿ ಅಂಗಿಯ ಮೇಲೆ ಹಿಟ್ಟು ಎಲ್ಲಿ ಕಾಣುತ್ತದೆ ಎಂದು ನಾನು ಚೇಷ್ಟೆ ಮಾಡಿದರೆ ಎರಡು ದಿನ ಮಾತು ಬಿಡುತ್ತಿದ್ದರು.

ಕಾಕಾ ಕಾಕುವಿಗೆ ಮಕ್ಕಳಿರಲಿಲ್ಲ. ಒಬ್ಬಳೇ ತಂಗಿ. ತಾಯಿ ತಂದೆ ಬೇಗ ಹೋದದ್ದರಿಂದ ಅವಳನ್ನು ಸಾಕಿ ಅಮ್ಮಿನಬಾವಿಗೆ ಮದುವೆ ಮಾಡಿ ಕೊಟ್ಟವರು ಇವರೇ. ತಂಗಿಗೂ ಒಬ್ಬಳೇ ಮಗಳು. ಆ ಹುಡುಗಿ ಸಾಲಿ ಸೂಟಿ ಬಿಟ್ಟರೆ ಸಾಕು, ಗಿರಣಿಯ ಚೀಲಗಳ ಮೇಲೆ ಬಂದು ಕೂಡುತ್ತಿದ್ದಳು. ಕಾಕಾ ಅವಳನ್ನು ಹೆಗಲ ಮೇಲೆ ಹೊತ್ತು ಓಣಿ ಸುತ್ತುತ್ತಿದ್ದರು. “ಇಕಿ ಮದವ್ಯಾಗ ನಾ ಸೋದರಮಾವ. ಮಂಟಪಕ್ಕ ನಡಸಂಗಿಲ್ಲ, ಹಿಂಗ ಹೊತ್ಕೊಂಡ ಬರ್ತೇನಿ,” ಅನ್ನುತ್ತಿದ್ದರು. ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದು, ಮುಹೂರ್ತದ ಅಕ್ಕಿಕಾಳು ಬೀಳುವತನಕ ಅವಳ ಬೆನ್ನಿಗೆ ನಿಲ್ಲುವವನು ತಾಯಿಯ ಅಣ್ಣನೋ ತಮ್ಮನೋ. ತಂದೆ ಇಲ್ಲದಿದ್ದರೂ ನಡೆದೀತು, ಸೋದರಮಾವ ಬೇಕೇ ಬೇಕು.

ತಂಗಿಯ ಗಂಡ ಗೌಡರ ಕಡೆಯವನು. ಮೊದಲೆಲ್ಲ ಇದು ಊಟದ ಹೊತ್ತಿನ ಚೇಷ್ಟೆಯಾಗಿತ್ತು. ಆ ಒಂದು ಚುನಾವಣೆಯಲ್ಲಿ ಮಾತ್ರ ಏನು ಬಡಿದಿತ್ತೋ. ಭಾವ ಗಿರಣಿಗೆ ಬಂದವನು ನಾಲ್ಕು ಮಂದಿಯ ಎದುರಿಗೆ, “ನಿಮ್ಮ ಧಣಿ ಕಳ್ಳ ಅದಾನ್ರಿ,” ಅಂದ. ಕಾಕಾ ಹಿಟ್ಟಿನ ಕೈಯಲ್ಲೇ ಅವನನ್ನು ಬಾಗಿಲತನಕ ದಬ್ಬಿದರು. “ಇನ್ನ ನಿಮ್ಮ ಮನಿ ನೀರು ಮುಟ್ಟಿದ್ರ ಕೇಳ್ರಿ,” ಅಂದರು. ಆ ಸಲ ಧಣಿ ಸೋತರು. ಗೌಡರ ಮೆರವಣಿಗೆ ನಮ್ಮ ಓಣಿಯಲ್ಲಿ ಹಾಯ್ದಾಗ, ಗುಲಾಲು ಮೆತ್ತಿಕೊಂಡಿದ್ದ ಭಾವ ಗಿರಣಿಯ ಮುಂದೆಯೇ ಪಟಾಕಿ ಸರ ಹಚ್ಚಿದ.

ಹುಡುಗಿಯ ಮದುವೆ ಗೊತ್ತಾದದ್ದು ಅದರ ಹಿಂದೆಯೇ. ಸುಳ್ಳ ಎನ್ನುವ ಊರಿನ ಕಡೆಯ ಮನೆತನ. ತಂಗಿ ಅಕ್ಷತೆ, ಲಗ್ನಪತ್ರ ಹಿಡಿದು ಗಿರಣಿಗೇ ಬಂದಳು. ನಾನು ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಯಲ್ಲಿ ನಿಂತಿದ್ದೆ. ಕಲ್ಲು ಓಡುತ್ತಿತ್ತು. ಕಾಕಾ ಅದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಅವಳು ಆ ಸದ್ದಿನ ಮೇಲೆಯೇ ಕೂಗಿ ಹೇಳಬೇಕಾಯಿತು.

“ಅಣ್ಣಾ, ಅವರ ಮಾತು ಹಾಳಾಗ್ಲಿ. ನೀ ಬರಬೇಕು. ನಿನ್ನ ಬಿಟ್ರ ಅಕಿಗೆ ಯಾರದಾರ?”

ಕಾಕಾ ಜೋಳ ಸುರಿಯುತ್ತಲೇ ಇದ್ದರು. ಅವಳು ಲಗ್ನಪತ್ರವನ್ನು ಹಿಟ್ಟಿನ ಪೆಟ್ಟಿಗೆಯ ಮೇಲಿಟ್ಟು, ನನ್ನ ಡಬ್ಬಿ ತುಂಬುವತನಕ ಕಾದು, ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಮದುವೆಗೆ ಕಾಕು ಒಬ್ಬರೇ ಬಸ್ಸು ಹತ್ತಿದರು. ಆ ದಿನ ಗೋಡೆಯ ಆಚೆ ಗಿರಣಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ವಾರಗಟ್ಟಲೆ ಹಿಟ್ಟು ಬೀಸಿಸಲು ಬೇರೆ ಗಿರಣಿಗೆ ಹೋದೆ.

ಕೆಲವು ವರ್ಷಗಳ ಮೇಲೆ ಧಣಿಯ ಮಗಳ ಮದುವೆ ಬಂತು. ಹುಬ್ಬಳ್ಳಿ ರಸ್ತೆಯ ದೊಡ್ಡ ಮಂಟಪ, ಓಣಿಗೆ ಓಣಿಯೇ ಟೆಂಪೋ ಹತ್ತಿ ಹೋಗಿತ್ತು. ಕಾಕಾ ಹೊಸ ರುಮಾಲು ಸುತ್ತಿದ್ದರು. ಮುಹೂರ್ತ ಹತ್ತಿರ ಬಂದಾಗ ಲಗ್ನ ಮಾಡಿಸುವ ಅಯ್ಯನವರು ಮೈಕಿನಲ್ಲಿ, “ಮದುಮಗಳ ಸೋದರಮಾವನವರು ಬರಬೇಕು,” ಎಂದು ಕರೆದರು. ಮುಂದಿನ ಸೋಫಾದಿಂದ ಎದ್ದವರು ಗೌಡರು.

ನಾನು ಮೊದಲು ಏನೋ ತಪ್ಪಾಗಿದೆ ಅಂದುಕೊಂಡೆ. ತಪ್ಪೇನೂ ಆಗಿರಲಿಲ್ಲ. ಧಣಿಯ ಹೆಂಡತಿಗೆ ಒಡಹುಟ್ಟಿದವರಿಲ್ಲ. ಆಕೆಯ ಅಜ್ಜಿಯೂ ಗೌಡರ ಅಜ್ಜಿಯೂ ಅಕ್ಕತಂಗಿಯರಂತೆ. ಹಾಗಾಗಿ ಗೌಡರು ಆಕೆಗೆ ದೂರದ ಅಣ್ಣ. ನನ್ನ ಪಕ್ಕ ಕೂತ ಹೆಂಗಸು ಇದನ್ನು ಎಲ್ಲರಿಗೂ ಗೊತ್ತಿದ್ದ ಸಂಗತಿ ಎನ್ನುವಂತೆ ಹೇಳಿದಳು. ಧಣಿ ಗೌಡರನ್ನು ಅಪ್ಪಿಕೊಂಡು ಶಾಲು ಹೊದಿಸಿದರು. ಇಬ್ಬರೂ ಏನೋ ಹೇಳಿಕೊಂಡು ಹೊಟ್ಟೆ ಅಲುಗುವಂತೆ ನಕ್ಕರು. ಗೌಡರು ಮದುಮಗಳ ಕೈ ಹಿಡಿದು ಮೆಲ್ಲಗೆ ಕರೆತಂದರು, ಅವಳ ಬೆನ್ನಿಗೆ ನಿಂತರು.

ನಾನು ಕಾಕಾನ ಕಡೆ ನೋಡಿದೆ. ಅವರ ಅಂಗೈಯಲ್ಲಿದ್ದ ಅಕ್ಕಿಕಾಳು ಹಾಗೆಯೇ ಇದ್ದವು. ಎಲ್ಲರೂ ಎಸೆದರು, ಅವರು ಎಸೆಯಲಿಲ್ಲ. ಊಟಕ್ಕೂ ಏಳಲಿಲ್ಲ. “ಹಸಿವಿಲ್ಲವ್ವಾ,” ಎಂದು ರಸ್ತೆಗೆ ಬಂದು ಬಸ್ಸಿಗೆ ನಿಂತರು. ನಾನೂ ಜೊತೆಗೆ ಬಂದೆ. ಬಸ್ಸು ಬರುವ ದಾರಿ ನೋಡುತ್ತ, “ಅವರದು ಅಜ್ಜೀ ಕಾಲದ ಸಂಬಂಧ. ನನ್ನ ತಂಗಿ ನನ್ನ ಕೂಡ ಒಂದ ಗಂಗಾಳದಾಗ ಉಂಡಾಕಿ,” ಅಂದರು.

ಮರುದಿನ ನನ್ನ ಗಾಡಿಯ ಮೇಲೆ ಅಮ್ಮಿನಬಾವಿಗೆ ಕರೆದುಕೊಂಡು ಹೋಗೆಂದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ. ತಂಗಿ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಅಣ್ಣನನ್ನು ಕಂಡು ಎದ್ದು, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಕಾಕಾ ಅಷ್ಟೂ ನೀರನ್ನು ನಿಂತೇ ಕುಡಿದರು.

“ನನಗ ಸಿಟ್ಟಿಲ್ಲಣ್ಣಾ,” ಅಂದಳು ಅವಳು. “ಅಯ್ಯನವರು ಸೋದರಮಾವ ಎಲ್ಲ್ಯದಾರ ಅಂದ್ರು. ನಿಮ್ಮ ಮೈದುನನ್ನ ನಿಂದರಸ್ರಿ ಅಂದ್ರು. ಬ್ಯಾಡ, ಬಸ್ಸು ತಡ ಆಗೇತಿ, ನಮ್ಮಣ್ಣ ಬರ್ತಾನ ಅಂದೆ. ಕಾದ್ರು. ಆಮ್ಯಾಲೆ ಹೊತ್ತು ಮೀರ್ತೈತಿ ಅಂತ ಮಗಳು ಒಬ್ಬಾಕಿನ ನಡಕೋತ ಬಂದ್ಲು. ಆ ಜಾಗಾ ಖಾಲಿನ ಉಳೀತು. ನನಗ ಸಿಟ್ಟಿಲ್ಲ. ಆದ್ರ ಅಕಿ ಮಾತು ಅಕಿದು.”

ಭಾವ ಒಳಗಿನಿಂದ ಬಂದು ಕಾಕಾನ ಕೈ ಹಿಡಿದುಕೊಂಡ. ಧಣಿಯ ಮನೆಯ ಮದುವೆಯ ಸುದ್ದಿ ಅವನಿಗೂ ಮುಟ್ಟಿತ್ತು. ಇಬ್ಬರೂ ಮುಖ ತಗ್ಗಿಸಿ ಕೂತರು, ಹುಡುಗರು ಮಾಸ್ತರರ ಮುಂದೆ ಕೂತ ಹಾಗೆ. ಅಲ್ಲಿಗೆ ಅವರಿಬ್ಬರ ಜಗಳ ಮುಗಿಯಿತು.

ಮಗಳದು ಮುಗಿಯಲಿಲ್ಲ. ಕಾಕಾ ಪಂಚಮಿಗೆ ಉಂಡಿ ಕಟ್ಟಿಸಿಕೊಂಡು ಸುಳ್ಳಕ್ಕೆ ಹೋದರು. ಮರ್ಯಾದಸ್ಥರ ಮನೆ, ಒಳಗೆ ಕರೆದು ಚಹಾ ಕೊಟ್ಟರು. ಅವಳ ಸಣ್ಣ ಮಗ ಇವರನ್ನು ನೋಡಿ, “ಇವರು ಯಾರಬೇ?” ಎಂದು ಕೇಳಿದ. ಅವಳು, “ಧಾರವಾಡದಾಗ ಇವರದೊಂದು ಗಿರಣಿ ಐತಿ,” ಅಂದಳು. ಅಷ್ಟೇ ಅಂದಳು. ಬಂದು ನನ್ನ ಮುಂದೆ ಹೇಳುವಾಗ ಕಾಕಾ ಮೊದಲು ನಕ್ಕರು. “ಖರೇನ ಹೇಳ್ಯಾಳ ನೋಡು, ಗಿರಣಿ ಐತಲ್ಲ,” ಅಂದರು. ಆಮೇಲೆ ಹಿಟ್ಟಿನ ಚೀಲದ ಮೇಲೆ ಕೂತು ಅತ್ತರು. ವಯಸ್ಸಾದ ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವರ ಬೆನ್ನ ಮೇಲೆ ಕೈಯಿಟ್ಟು ನಿಂತೆ.

ಆಮೇಲೂ ಎಷ್ಟೋ ಸಲ ಹೋದರು. ಚಹಾ ಸಿಗುತ್ತಿತ್ತು, ಮಾವ ಎನ್ನುವ ಮಾತು ಸಿಗುತ್ತಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಮಾಡಲೂ ಆಗುತ್ತಿರಲಿಲ್ಲ. ತುಂಬಿದ ಮಂಟಪದಲ್ಲಿ ಒಬ್ಬಳೇ ನಡೆದು ಬಂದವಳು ಅವಳು, ನಾನಲ್ಲ.

ಮೊನ್ನೆಯ ಚುನಾವಣೆಯ ಹೊತ್ತಿಗೆ ಗೌಡರು ಧಣಿಯ ಪಕ್ಷಕ್ಕೇ ಬಂದುಬಿಟ್ಟಿದ್ದರು. ಎದುರು ನಿಂತ ಹುಡುಗ ಅವರಿಬ್ಬರಿಗೂ ಯಾವುದೋ ಕಡೆಯಿಂದ ಅಳಿಯನಾಗಬೇಕಂತೆ. ನಮ್ಮ ಓಣಿಗೆ ಬೇಸರ ಹತ್ತಿತು. ಎಲ್ಲ ಅವರವರೇ, ನಾವು ಯಾಕೆ ಬಿಸಿಲಲ್ಲಿ ನಿಲ್ಲಬೇಕೆಂದು ಬಹಳ ಮಂದಿ ಮನೆಯಲ್ಲೇ ಕೂತರು. ನಿಜ ಹೇಳಬೇಕೆಂದರೆ ನಾನೂ ಕೂತಿದ್ದೆ. ಚಿಲಕ ಬಡಿದ ಸದ್ದಾಯಿತು. ಕಾಕಾ ಕೋಲೂರಿ ನಿಂತಿದ್ದರು. ಎಡಗೈ ಆಗಲೇ ನಡುಗುತ್ತಿತ್ತು.

“ಕಾಕಾ, ಇಷ್ಟಾದ್ರೂ ನಿಮಗ ಬುದ್ಧಿ ಬರಲಿಲ್ಲೇನು?” ಅಂದೆ. ನನ್ನ ದನಿ ಸ್ವಲ್ಪ ಕಟುವಾಗಿಯೇ ಇತ್ತು.

ಅವರು ಕಟ್ಟೆಯ ಮೇಲೆ ಕೂತು ದಮ್ಮು ತೆಗೆದುಕೊಂಡರು. “ಓಟು ಕೊಟ್ಟಿದ್ದು ತಪ್ಪಲ್ಲವ್ವಾ. ಅದು ಕೊಡೂದ. ಬ್ಯಾಡಾದವರನ್ನ ತಗೀಲಿಕ್ಕೂ ಅದ ಬೇಕು. ನಾ ಅವರಿಗೆ ನನ್ನ ಮನಿ ಕೊಟ್ಟೆ, ಅದು ತಪ್ಪು. ಅದನ್ನ ಅವರು ಕೇಳಿರಲೂ ಇಲ್ಲ. ಏಳು.”

ನಾನು ಎದ್ದೆ. ಅವರ ಹಿಂದೆ ಓಣಿಯ ಕೆಲವರಾದರೂ ಎದ್ದರು. ಸಾಲಿನಲ್ಲಿ ಕಾಕಾ ನನ್ನ ಭುಜ ಹಿಡಿದು ನಿಂತು ಓಟು ಹಾಕಿದರು. ಈಗ ಮತಗಟ್ಟೆಯ ಸಾಲು ಅಂದರೆ ನನಗೆ ಆ ಭುಜದ ಮೇಲಿನ ಭಾರವೇ. ನಾನು ಇನ್ನು ಯಾವ ಚುನಾವಣೆಯನ್ನೂ ಬಿಡುವವಳಲ್ಲ. ಅದು ಅವರ ಋಣ.

ಕೆಲವು ದಿನಗಳಲ್ಲೇ ಕಾಕಾನಿಗೆ ಲಕ್ವಾ ಹೊಡೆಯಿತು. ನಾಲಿಗೆ ಉಳಿಯಿತು, ನೆನಪು ಅಸ್ತವ್ಯಸ್ತವಾಯಿತು. ನೋಡಲು ಬಂದವರನ್ನೆಲ್ಲ, “ಓಟು ಹಾಕಿದ್ರೇನ್ರಿ?” ಎಂದು ಕೇಳುತ್ತಿದ್ದರು. ನಾನು ಗಾಡಿ ತೆಗೆದುಕೊಂಡು ಸುಳ್ಳಕ್ಕೆ ಹೋದೆ. ತಂಗಿಯ ಮಗಳು ಪೂರ್ತಿ ಕೇಳಿದಳು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು ಗಾಡಿಯ ಮೇಲೆ ಕೂತಳು. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಹಣೆಯಿಟ್ಟುಕೊಂಡಿದ್ದಳು. ನನ್ನ ಕುಬುಸದ ಬೆನ್ನು ತೋಯ್ದಿತ್ತು.

ಮಂಚದ ಪಕ್ಕ ಕೂತು, “ಮಾವಾ,” ಅಂದಳು.

ಕಾಕಾ ಅವಳನ್ನು ನೋಡಿದರು. ಬಲಗೈಯಿಂದ ಅವಳ ಕೈ ಎತ್ತಿ, ಬೆರಳಿನ ಉಗುರಿನ ಮೇಲೆ ಇನ್ನೂ ಮಾಸದಿದ್ದ ಶಾಯಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. “ಛಲೋ ಮಾಡಿದ್ರಿ ನೋಡ್ರಿ,” ಅಂದರು. “ಯಾರ ಪೈಕಿ ಅವ್ವಾ ನೀವು?”

“ಮಾವಾ, ನಾ ಅಮ್ಮಿನಬಾವ್ಯಾಕಿ. ನಿಮ್ಮ ತಂಗಿ ಮಗಳು.”

“ಅಮ್ಮಿನಬಾವ್ಯಾಗ ನನ್ನ ತಂಗಿ ಅದಾಳ್ರಿ,” ಎಂದು ಕಾಕಾ ಮುಖ ಅರಳಿಸಿದರು. “ಅಕಿ ಮಗಳದು ಮದವಿ ಐತಿ. ನಾ ಸೋದರಮಾವ. ತಡ ಆಗೇತಿ, ನಾ ಹೋಗಬೇಕ್ರಿ. ನನ್ನ ಬಿಟ್ರ ಅಲ್ಲಿ ಯಾರೂ ಇಲ್ಲ.”

ಕಾಕು ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಹೋದರು. ಅವಳು ಕದಲಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.

“ತಡ ಆಗಿಲ್ಲ ಮಾವಾ, ಬರ್ರಿ,” ಅಂದಳು. “ಇನ್ನಾ ಅಕ್ಕಿಕಾಳು ಬಿದ್ದಿಲ್ಲ.”

ಕಾಕಾ ಏಳಲು ನೋಡಿದರು. ಅವಳು ಬೆನ್ನಿಗೆ ತೋಳು ಕೊಟ್ಟು ಎಬ್ಬಿಸಿ ಕೂಡಿಸಿದಳು. ಹೊರಗೆ ಕತ್ತಲಾಗುವತನಕ ಅವರಿಬ್ಬರೂ ಹಾಗೆಯೇ ಕೂತಿದ್ದರು. ಮರುದಿನ ಬೆಳಿಗ್ಗೆ ಕಾಕಾ ಹೋದರು. ಹೋಗುವಾಗಲೂ ಅವರಿಗೆ ಅವಳು ಯಾರೆಂದು ತಿಳಿದಿರಲಿಲ್ಲ.