ಖಾಲಿ ಪಾಳಿಯನ್ನು ನಂಬದ ಕಾಕಾ

ಗೋಡೆಯ ಗಡಿಯಾರವನ್ನು ತಮ್ಮ ಕೈಗಡಿಯಾರದ ಜೊತೆ ತಾಳೆ ನೋಡಿ, ಎರಡೂ ಒಂದೇ ಹೊತ್ತು ತೋರಿಸಿದರೆ ಎರಡರ ಮೇಲೂ ಅನುಮಾನಪಡುವ ಮನುಷ್ಯ ಬಸಲಿಂಗ ಕಾಕಾ. ಚಹಾದಂಗಡಿಯಲ್ಲಿ ಪಾತ್ರೆಯ ಮುಚ್ಚಳ ತೆಗೆಸಿ ಇಣುಕದೆ ಒಂದು ಗುಟುಕೂ ಕುಡಿದವರಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ವರ್ಷಗಟ್ಟಲೆ ಭಟ್ಟಿಯ ಮುಂದೆ ನಿಂತು, ನಿವೃತ್ತರಾದ ಮೇಲೆ ಟಿಳಕವಾಡಿಯ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ಬಂದರು. ಖಾನಾಪುರದ ಒಂದು ಕಣ್ಣಿನ ಆಸ್ಪತ್ರೆಗೆ ಟೋಕನ್ ಕೊಡುವ ವೆಬ್‌ಸೈಟನ್ನು ನಾವು ನಡೆಸುತ್ತಿದ್ದೆವು. ವಾರಕ್ಕೆರಡು ಸಲ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಜನ ಏನನ್ನುತ್ತಾರೆ ಎಂದು ಕೇಳಿಕೊಂಡು ಬರುವುದು ಅವರ ಕೆಲಸ. ಮಾಲೀಕರಿಗೆ ದೂರದ ಸಂಬಂಧಿ ಬೇರೆ. ನನ್ನ ಮೇಲೆ ಕಣ್ಣಿಡಲೆಂದೇ ಇವರನ್ನು ತಂದು ಕೂರಿಸಿದ್ದಾರೆ ಎಂದು ನಾನು ಮೊದಲ ದಿನವೇ ತೀರ್ಮಾನಿಸಿಬಿಟ್ಟೆ.

ವೆಬ್‌ಸೈಟಿನ ಉಸ್ತುವಾರಿ ನನ್ನದು. ಅದು ಓಡುತ್ತಿದ್ದುದು ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ, ಅಂದರೆ ಕ್ಲೌಡಿನಲ್ಲಿ. ಕಾಕಾ ಕುರ್ಚಿ ಎಳೆದುಕೊಂಡು ಕುಳಿತು, ಎಲ್ಲ ಬಿಡಿಸಿ ಹೇಳು ಎಂದರು. ಹೇಳಿದೆ. ಸೋಮವಾರ ಒಂಬತ್ತಕ್ಕೆ ಆ ವಾರದ ಟೋಕನ್ ತೆರೆದ ಕೂಡಲೇ ಎಲ್ಲರೂ ಒಟ್ಟಿಗೆ ಒತ್ತುತ್ತಾರೆ. ಒಂದು ಯಂತ್ರಕ್ಕೆ ಅಷ್ಟೂ ಜನರನ್ನು ಒಮ್ಮೆಲೇ ನೋಡಲು ಆಗದು. ಉಳಿದವರು ಪಾಳಿಯಲ್ಲಿ, ಅಂದರೆ ಸರದಿ ಸಾಲಿನಲ್ಲಿ, ನಿಲ್ಲುತ್ತಾರೆ. ಪಾಳಿ ಬೆಳೆದರೆ ಕ್ಲೌಡೇ ಇನ್ನೊಂದು ಯಂತ್ರವನ್ನು ಎಬ್ಬಿಸುತ್ತದೆ, ಕರಗಿದರೆ ಮಲಗಿಸುತ್ತದೆ. ನಾವು ಇಟ್ಟ ಗಡುವು ಮೀರಿ ಕಾದವರಿಗೆ ‘ಆಮೇಲೆ ಪ್ರಯತ್ನಿಸಿ’ ಎಂದು ತೋರಿಸಿ ಹೊರಗೆ ಕಳಿಸುತ್ತದೆ.

“ಹೊಸಾ ಮಷಿನ್ ಎದ್ದು ಕೆಲಸಾ ಹಿಡಿಯಾಕ ಎಷ್ಟೊತ್ತು ಬೇಕ ಯವ್ವಾ?”

“ಎರಡ ಮೂರ ನಿಮಿಷರೀ ಕಾಕಾ.”

“ಅಲ್ಲೀತನಕ ಮಂದಿ?”

“ಪಾಳ್ಯಾಗ ಇರ್ತಾರ್ರಿ.”

“ಮಂದಿ ಬಂದ ಮ್ಯಾಲೆ ಭಟ್ಟಿ ಹಚ್ಚೂದೇನು? ನಾವು ಅಚ್ಚು ತಯಾರಾಗೂದ್ರಾಗ ಭಟ್ಟಿ ಕಾಸಿ ಇಟ್ಟಿರತಿದ್ವಿ!”

ಅವರ ಕಾಳಜಿಗೆ ಒಂದು ಕಾರಣವಿತ್ತು. ಖಾನಾಪುರದಾಚೆ, ನೆಟ್‌ವರ್ಕ್ ಸರಿಯಾಗಿ ಸಿಗದ ಜಾಂಬೋಟಿಯಲ್ಲಿದ್ದ ತಂಗಿ ಗಂಗವ್ವನಿಗೆ ಕಣ್ಣಿನ ಒತ್ತಡ ಏರಿತ್ತು. ಬೇಗ ಚಿಕಿತ್ಸೆ ಆಗದಿದ್ದರೆ ದೃಷ್ಟಿ ಹೋಗುತ್ತದೆ ಎಂದು ಅದೇ ಆಸ್ಪತ್ರೆಯವರು ಹೇಳಿದ್ದರು. ಆಕೆಗೊಂದು ಟೋಕನ್ ನಾನೇ ತೆಗೆದಿಡುತ್ತೇನೆ ಎಂದರೆ ಕಾಕಾ ನನ್ನ ಮೇಲೇ ಹರಿಹಾಯ್ದರು. “ಹಿಂದಿನ ಬಾಗಲಾ ಬ್ಯಾಡ. ಎಲ್ಲಾರ ಹಂಗ ಆಕೀನೂ ಪಾಳಿ ಹಚ್ಚಲಿ. ನೀ ಪಾಳಿ ನೆಟ್ಟಗಿಡು, ಸಾಕು.”

ಸೋಮವಾರ ಎಂಟೂವರೆಗೇ ಎರಡು ಯಂತ್ರ ಎಬ್ಬಿಸಿ ಇಡಿ ಎಂದು ಅವರು ದುಂಬಾಲು ಬಿದ್ದರೂ, ಬಾಡಿಗೆ ಹೆಚ್ಚಾಗುತ್ತದೆ ಎಂದು ಮಾಲೀಕರು ಒಪ್ಪಲಿಲ್ಲ. ವಾರವಾರವೂ ಪಾಳಿ ಬೆಳೆದು ನನ್ನ ಪರದೆ ಕೆಂಪಾಗುವುದು, ಮಾಲೀಕರು ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದು, ಇದೇ ನಡೆಯಿತು. ಸಾಕುಸಾಕಾಗಿ ಒಂದು ದಿನ ಕಾಯುವ ಗಡುವನ್ನು ಐದು ನಿಮಿಷದಿಂದ ಹತ್ತು ಸೆಕೆಂಡಿಗೆ ಇಳಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಮುಂದಿನ ಸೋಮವಾರ ಪರದೆ ಹಚ್ಚ ಹಸಿರು. ಜನರನ್ನು ಬೇಗಬೇಗ ಹೊರದಬ್ಬಿದ್ದರಿಂದ ಪಾಳಿ ಬೆಳೆಯಲೇ ಇಲ್ಲ. ಪಾಳಿ ಬೆಳೆಯದ್ದರಿಂದ ಹೊಸ ಯಂತ್ರವೂ ಏಳಲಿಲ್ಲ. ಮಾಲೀಕರು ಖುಷಿಯಿಂದ ಎಲ್ಲರಿಗೂ ಸಿಹಿ ಕುಂದಾ ತರಿಸಿದರು.

ಕಾಕಾ ಕುಂದಾ ಮುಟ್ಟಲಿಲ್ಲ. ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ನಿಂತರು.

“ಪಾಳಿ ಖಾಲಿ ಐತಿ, ಖರೇ. ಎಲ್ಲಾರ ಕೆಲಸ ಆಗಿ ಖಾಲಿ ಆತೋ, ಮಂದಿ ಹೊಳ್ಳಿ ಹೋಗಿ ಖಾಲಿ ಆತೋ?”

“ಟೋಕನ್ ಎಲ್ಲಾ ತೀರ್ಯಾವ್ರಿ ಕಾಕಾ,” ಎಂದೆ.

ಅದು ಸುಳ್ಳಲ್ಲ. ಟೋಕನ್ ತೀರಿದ್ದವು, ಹೊರಬಿದ್ದರೂ ಮತ್ತೆ ಮತ್ತೆ ಒತ್ತಲು ಒಳ್ಳೆಯ ನೆಟ್‌ವರ್ಕ್ ಇದ್ದ ಪೇಟೆಯವರಿಗೆ. ಕಾಕಾ ನನ್ನ ಮುಖವನ್ನೇ ದಿಟ್ಟಿಸಿದರು. ಅಂದಿನಿಂದ ಅವರು ಖಾನಾಪುರದಿಂದ ಬಂದಾಗಲೆಲ್ಲ ನಾನು ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಅವರು ಮಾಲೀಕರ ಜೊತೆ ದನಿ ತಗ್ಗಿಸಿದರೆ ಸಾಕು, ಮಾತು ನನ್ನ ಬಗ್ಗೆಯೇ ಎಂದುಕೊಳ್ಳುತ್ತಿದ್ದೆ. ಅನುಮಾನದ ರೋಗ ನನಗೂ ಅಂಟಿತ್ತು.

ಜಾಂಬೋಟಿಯಲ್ಲಿ ನಾಟಿಯ ಕಾಲ. ಕಣ್ಣು ತೋರಿಸಿದೆಯಾ ಎಂದು ಅಣ್ಣ ಕೇಳಿದಾಗಲೆಲ್ಲ ಗಂಗವ್ವ, ಮುಂದಿನ ವಾರ ಎನ್ನುತ್ತಿದ್ದಳಂತೆ. ಗದ್ದೆ ಕೆಲಸದ ಗಡಿಬಿಡಿ ಎಂದು ಕಾಕಾ ತಿಳಿದಿದ್ದರು. ಕೊನೆಗೆ ಕಾಕಾ ತಾವೇ ಹೋಗಿ ಆಕೆಯನ್ನು ಬೆಳಗಾವಿಯ ವೈದ್ಯರ ಬಳಿ ಕರೆತಂದರು. ಬಲಗಣ್ಣು ಆಗಲೇ ಹೋಗಿತ್ತು.

ಮರುದಿನ ಕಚೇರಿಗೆ ಬಂದು ನನ್ನ ಎದುರು ಕುಳಿತರು. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

“ಎಂಟ ಸೋಮವಾರ ಒತ್ಯಾಳಂತ ಯವ್ವಾ. ಎಂಟೂ ಸಲ ಹೊರಗ ಹಾಕೇತಿ. ಟೋಕನ್ ಮುಗದಾವ ಅಂತ ತಿಳಕೊಂಡು ಸುಮ್ಮನಾಗ್ಯಾಳ. ಹಿಂಗ ಹೊರಗ ಹಾಕೂದು ಯಾರ ಮಾಡಿದ್ರು?”

ಗಡುವು ಬದಲಾದ ದಿನಾಂಕ, ಅದರ ಪಕ್ಕ ನನ್ನ ಹೆಸರು, ಎರಡೂ ಅದೇ ಕಂಪ್ಯೂಟರಿನಲ್ಲಿದ್ದವು. ಒಂದು ಸಲ ಒತ್ತಿ ತೋರಿಸಿದ್ದರೆ ಆಗುತ್ತಿತ್ತು.

“ಯಾರೂ ಮಾಡಿಲ್ಲರೀ ಕಾಕಾ,” ಎಂದೆ. “ಅದು ತಾನಾಗೇ ಮಾಡತೈತ್ರಿ.”

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಎದ್ದು ನಿಂತು, ನನಗಿಂತ ಎರಡು ಪಟ್ಟು ವಯಸ್ಸಿನ ಮನುಷ್ಯ, ನನಗೆ ಕೈಮುಗಿದರು.

“ನಿನ್ನ ಮ್ಯಾಲೆ ಅನುಮಾನ ಇಟ್ಕೊಂಡಿದ್ನಿ ಯವ್ವಾ. ತಪ್ಪಾತು.”

ಅಂದು ಸಂಜೆಯೇ ಗಡುವನ್ನು ಮೊದಲಿನಂತೆ ಮಾಡಿದೆ. ಗಂಗವ್ವನ ಕಣ್ಣಿಗೆ ಅದರಿಂದ ಏನೂ ಆಗಲಿಲ್ಲ. ಕಾಕಾ ಕೆಲಸ ಬಿಟ್ಟು ತಂಗಿಯ ಜೊತೆಗಿರಲು ಹೋದರು. ನಿಜ ಹೇಳಿಬಿಡಬೇಕೆಂದು ಎರಡು ಸಲ ಖಾನಾಪುರದವರೆಗೆ ಹೋದೆ. ಜಾಂಬೋಟಿಯ ಬಸ್ಸು ಹತ್ತಲು ಧೈರ್ಯ ಸಾಲಲಿಲ್ಲ. ಕಾಕಾ ಈಗಲೂ ನನ್ನನ್ನು ನಂಬಿದ್ದಾರೆ.