ವಾರಕ್ಕೆರಡು ಕಿಲೋ ಟೊಮ್ಯಾಟೊ

ಕಸ ಹೊಡೆದೆ. ನೀರು ತುಂಬಿದೆ. ಬೇಳೆಗೆ ನಾಲ್ಕು ಟೊಮ್ಯಾಟೊ ಹೆಚ್ಚಿ ಹಾಕಿದೆ. ಇನ್ನೆರಡನ್ನು ಸುಟ್ಟು, ಶೇಂಗಾ ಪುಡಿ ಬೆರೆಸಿ ಚಟ್ನಿ ಅರೆದೆ. ಯಜಮಾನರ ಅಂಗಿ ಒಗೆದೆ. ರೊಟ್ಟಿ ಬಡಿಯಲು ಕುಳಿತೆ.

ಮೂರನೆಯ ರೊಟ್ಟಿಗೆ ಕೈ ಏಳಲಿಲ್ಲ.

ಎದ್ದು ನಿಲ್ಲಲು ಹೋದೆ. ಕಾಲೂ ಬರಲಿಲ್ಲ. ಎದೆ ನಡುನಡುವೆ ಒಂದೊಂದು ಬಡಿತ ತಪ್ಪಿಸುತ್ತಿತ್ತು. ಇಳಕಲ್ಲಿನಿಂದ ಬಾಗಲಕೋಟೆಯ ದವಾಖಾನೆಯವರೆಗೂ ಯಜಮಾನರು ನನ್ನ ಕೈ ಬಿಡಲಿಲ್ಲ. "ಏನೂ ಆಗೂದಿಲ್ಲ, ಶಾಂತಾ" ಎನ್ನುತ್ತಲೇ ಇದ್ದರು.

ಇಸಿಜಿ, ರಕ್ತ ಪರೀಕ್ಷೆ, ಐಸಿಯು. ಎರಡನೆಯ ದಿನ ಡಾಕ್ಟರು ಹಾಸಿಗೆಯ ಬಳಿ ನಿಂತು ಕೇಳಿದರು.

"ಅಮ್ಮಾರ, ರಕ್ತದಾಗ ಪೊಟ್ಯಾಸಿಯಂ ಭಾಳ ಏರಿತ್ತು. ಟೊಮ್ಯಾಟೊ ತಿಂತಿದ್ರೇನ್ರಿ?"

"ದಿನಾ ತಿಂತೇನ್ರಿ. ಬಿಪಿಗೆ ಛಲೋ ಅಂತ ಫೋನಿನ್ಯಾಗ ನೋಡಿದ್ದೆ."

ಅವರು ಯಜಮಾನರ ಕಡೆ ತಿರುಗಿದರು. "ಇವರ ಕಿಡ್ನಿ ವೀಕ್ ಆಗ್ಯಾವು, ಪೊಟ್ಯಾಸಿಯಂ ಹೊರಗ ಹಾಕಂಗಿಲ್ಲ, ಟೊಮ್ಯಾಟೊ ಬ್ಯಾಡ ಅಂತ ಚೀಟಿ ಬರದು ಕೊಟ್ಟಿದ್ನಲ್ರಿ ನಿಮಗ?"

ನನಗೆ ಕಿಡ್ನಿಯ ಕಾಯಿಲೆ ಇದೆಯೆಂದು ನನಗೆ ತಿಳಿದದ್ದು ಹೀಗೆ.

ಮೂರು ತಿಂಗಳ ಹಿಂದೆ ಇದೇ ಡಾಕ್ಟರ ಹತ್ತಿರ ರಿಪೋರ್ಟ್ ತರಲು ಯಜಮಾನರೊಬ್ಬರೇ ಹೋಗಿದ್ದರು. ನಮ್ಮಲ್ಲಿ ಹಾಗೇ, ಸೂಜಿ ಚುಚ್ಚಿಸಿಕೊಳ್ಳುವವಳು ನಾನು, ಸುದ್ದಿ ಕೇಳುವವರು ಅವರು. ಬಂದವರು, "ಎಲ್ಲಾ ಬರೋಬ್ಬರಿ ಐತಿ, ಬಿಪಿ ಗುಳಿಗಿ ತಪ್ಪಿಸಬ್ಯಾಡ" ಎಂದರು. ಆ ಖುಷಿಯಲ್ಲೇ ನಾನು ಆರೋಗ್ಯ ಇನ್ನಷ್ಟು ಸುಧಾರಿಸಲೆಂದು ಎಲ್ಲಕ್ಕೂ ಟೊಮ್ಯಾಟೊ ಹಾಕತೊಡಗಿದೆ. ಪಕ್ಕದ ಮನೆಯ ಮೆಹಬೂಬಿ ನಗುತ್ತಿದ್ದಳು: "ಅಕ್ಕಾರ, ಚಹಾದಾಗೂ ಹಾಕ್ತೀರೇನ್ರಿ?"

ಸಂತೆಯಿಂದ ಪ್ರತಿ ವಾರ ಎರಡು ಕಿಲೋ ತಂದುಕೊಡುತ್ತಿದ್ದವರು ಯಜಮಾನರೇ. ಹಣ್ಣು ಒತ್ತಿ ನೋಡಿ, ಆರಿಸಿ.

ಡಾಕ್ಟರು ಹೋದ ಮೇಲೆ ಕೇಳಿದೆ, "ಯಾಕ ಹೇಳಲಿಲ್ಲ?"

"ನಿಮ್ಮವ್ವ ಇದರಾಗ ಹೋದಳು. ಕಿಡ್ನಿ ಅಂದ್ರ ನೀ ಧೈರ್ಯ ಬಿಡ್ತಿದ್ದಿ."

"ಬರೇ ಟೊಮ್ಯಾಟೊ ಬ್ಯಾಡ ಅನ್ನಬಹುದಿತ್ತಲ್ರೀ."

"ಯಾಕ ಅಂತ ಕೇಳ್ತಿದ್ದಿ."

ಹೌದು, ಕೇಳುತ್ತಿದ್ದೆ. ಆ ಒಂದು ಪ್ರಶ್ನೆ ತಪ್ಪಿಸಲು ಮೂರು ತಿಂಗಳು ನನ್ನೆದುರೇ ಕುಳಿತು ಚಟ್ನಿ ನೆಕ್ಕಿ, "ಛಲೋ ಆಗೇತಿ" ಎಂದರಲ್ಲ! ಕೆಡುಕು ಬಯಸುವ ಮನುಷ್ಯರಲ್ಲ ಅವರು. ಅದಕ್ಕೇ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದು. ಗಟ್ಟಿ ಕಿಡ್ನಿ ಇದ್ದವರಿಗೆ ಟೊಮ್ಯಾಟೊ ಒಳ್ಳೆಯದೇ ಎಂದು ಡಾಕ್ಟರು ಹೇಳಿದರು. ಹಣ್ಣಿನ ಮೇಲೂ ಸಿಟ್ಟಾಗುವಂತಿಲ್ಲ.

ಡಯಾಲಿಸಿಸ್ ಸದ್ಯಕ್ಕೆ ಬೇಕಿಲ್ಲವಂತೆ. ಕಿಡ್ನಿ ಅಷ್ಟಾದರೂ ಉಳಿದಿದೆ. ನಿನ್ನೆ ಮನೆಗೆ ಬಂದೆವು. ರಿಪೋರ್ಟುಗಳ ಫೈಲು ಈಗ ನನ್ನ ಟ್ರಂಕಿನಲ್ಲಿದೆ.

"ಮುಂದಿನ ಸಲ ಡಾಕ್ಟರ್ ಹತ್ರ ಒಳಗ ನಾ ಹೋಗ್ತೇನಿ. ನೀವು ಹೊರಗ ಕೂಡ್ರಿ."

ಅವರು ತಲೆಯಾಡಿಸಿದರು.

ರಾತ್ರಿ ಎರಡು ರೊಟ್ಟಿ, ಡಾಕ್ಟರು ಹೇಳಿದಂತೆ ಬೇಯಿಸಿ ನೀರು ಬಸಿದ ಹೀರೇಕಾಯಿ ಪಲ್ಯ. ಉಪ್ಪು ಕಡಿಮೆ. ಅವರೂ ಅದನ್ನೇ ಉಂಡರು. ಮುಚ್ಚಿಡಲು ಇನ್ನೇನೂ ಇರಲಿಲ್ಲವಲ್ಲ, ಮೊದಲು ನಿದ್ದೆ ಹೋದವರು ಅವರೇ.