ಹುದಿಕೇರಿಯ ಕುರ್ಚಿ, ನಮ್ಮ ಮನೆಯ ಕೂಳು

"ಬಿ.ಎ. ಅನ್ನೋದು ನಮ್ಮನೆ ಹೊಸ್ತಿಲು ದಾಟಿ ಬರಾಕಿಲ್ಲ ಕಣ್ಲಾ. ಎಸ್ಸೆಲ್ಸಿ ಆಯ್ತು, ಹೊಟ್ಟೆಗೊಂದು ದಾರಿ ಆಯ್ತು, ಸಾಕು."

ಹೀಗೆಂದವನು ನನ್ನ ಸೋದರಮಾವ ಮಲ್ಲಪ್ಪ. ಅಪ್ಪ ತೀರಿಹೋದ ಮೇಲೆ ಅವ್ವನನ್ನೂ ನನ್ನನ್ನೂ ಸಾಕಿದವನು ಅವನೇ. ಅವನು ಹೇಳಿದ ದಾರಿ ಹುದಿಕೇರಿಯ ಒಂದು ಕಾಫಿ ಎಸ್ಟೇಟಿಗೆ ಹೋಗುತ್ತಿತ್ತು. ಅಲ್ಲಿ ನನಗೆ ರೈಟರ್ ಕೆಲಸ. ರೈಟರ್ ಎಂದರೆ ಆಳುಗಳ ಹಾಜರಿ ಬರೆದು, ಕೆಲಸ ನೋಡಿಕೊಳ್ಳುವವನು.

ನಮ್ಮ ಕೊಡಗು, ಅಂದರೆ ಕೂರ್ಗ್ ಸ್ಟೇಟ್, ಭೂಪಟದಲ್ಲಿ ಹೆಬ್ಬೆಟ್ಟಿನಷ್ಟು. ಆದರೂ ನಮ್ಮೂರು ಶನಿವಾರಸಂತೆಯಿಂದ ಹೊರಟು ಬಸ್ಸಿನ ಮೇಲೆ ಬಸ್ಸು ಬದಲಿಸಿ ಹುದಿಕೇರಿಯಲ್ಲಿ ಇಳಿದಾಗ ನನಗೆ ಬೇರೆ ದೇಶಕ್ಕೆ ಬಂದ ಹಾಗಾಯಿತು. ಮೊದಲ ದಿನವೇ ಎಸ್ಟೇಟಿನ ಸಾವ್ಕಾರರ ತಾಯಿ ಜಗಲಿಯಲ್ಲಿ ನಿಂತು ಕರೆದರು: "ಬನ್ನಿ ರೈಟರೇ, ಕೂಳ್ ಉಣ್ಣಿ."

ಕೂಳು! ನಮ್ಮ ಕಡೆ ಬೈಯುವಾಗ ಮಾತ್ರ ಆಡುವ ಮಾತು ಅದು. ದುಡಿಯದೆ ಕೂತವನಿಗೆ ಹಾಕುವುದು ಕೂಳು. ಮೈಯೆಲ್ಲ ಉರಿದುಹೋಯಿತು. "ಹಸಿವಿಲ್ಲಮ್ಮಾ" ಎಂದು ಹೇಳಿ ಕೋಣೆಗೆ ಹೋಗಿ, ಅವ್ವ ಕಟ್ಟಿಕೊಟ್ಟಿದ್ದ ಅವಲಕ್ಕಿ ತಿಂದೆ. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ಆಕೆಯೇ ಬಂದು, "ನಮ್ಮನೇಲಿ ಉಣ್ಣಬಾರದೂಂತ ಏನಾದ್ರೂ ಉಂಟಾ ನಿಮಗೆ?" ಎಂದು ಕೇಳಿದರು. ತಲೆ ತಗ್ಗಿಸಿ ಕಾರಣ ಹೇಳಿದೆ. ಆಕೆ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಯ್ಯೋ ಮಗಾ, ಕೊಡವ ಮಾತಲ್ಲಿ ಅನ್ನಕ್ಕೇ ಕೂಳ್ ಅನ್ನೋದು. ಮದುಮಗನಿಗೆ ಬಡಿಸೋದೂ ಕೂಳೇ!"

ಆ ಮೇಲೆ ಉಂಡೆ. ಆದರೆ ಹಿಟ್ಟು, ಅಂದರೆ ನಮ್ಮ ರಾಗಿಮುದ್ದೆ, ಅಲ್ಲಿಲ್ಲ. ಎಷ್ಟು ಅನ್ನ, ಎಷ್ಟು ಅಕ್ಕಿತರಿಯ ಉಂಡೆ ಕಡಂಬುಟ್ಟು ತಿಂದರೂ ಹೊಟ್ಟೆಯ ಒಂದು ಮೂಲೆ ಖಾಲಿ. ಇರುವುದಕ್ಕೆ ಕೊಟ್ಟಿದ್ದು ಆಳುಗಳ ಸಾಲುಮನೆಯ, ಅಂದರೆ ಲೈನಿನ, ಕೊನೆಯ ಕೋಣೆ. ನಡುಗೋಡೆ ಸೂರಿನವರೆಗೆ ಇಲ್ಲದ್ದರಿಂದ ಪಕ್ಕದವರ ಮಲಯಾಳದ ಜಗಳ ನನ್ನ ಕೋಣೆಯಲ್ಲೇ ನಡೆದಂತೆ ಕೇಳುತ್ತಿತ್ತು. ಊರಿನಲ್ಲಿ ಎಸ್ಸೆಲ್ಸಿ ಪಾಸಾದವನೆಂದು ಎದ್ದು ಜಾಗ ಬಿಡುತ್ತಿದ್ದರು. ಇಲ್ಲಿ ನನ್ನ ಎಸ್ಸೆಲ್ಸಿ ಕೊಡೆ ಹಿಡಿದು ಮಳೆಯಲ್ಲಿ ನಿಲ್ಲುವುದಕ್ಕೆ ಮಾತ್ರ ಸಾಕಾಗುತ್ತಿತ್ತು.

ಎರಡನೆಯ ಮಳೆಗಾಲಕ್ಕೆ ಪೂಣಚ್ಚ ಬಂದ. ಬಿಟ್ಟಂಗಾಲದವನು, ನನಗಿಂತ ಒಂದು ವರ್ಷ ಚಿಕ್ಕವನು, ಬಿ.ಎ. ಅವನೂ ರೈಟರೇ. ಆದರೆ ಅವನಿಗೆ ಆಫೀಸಿನಲ್ಲಿ ಬೆತ್ತದ ಕುರ್ಚಿ, ಗಾಜಿನ ಕಿಟಕಿಯ ಮನೆ, ನನ್ನದರ ಎರಡರಷ್ಟಕ್ಕೂ ಮಿಕ್ಕಿದ ಸಂಬಳ. ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಎಂದು ಕಾಫಿಗಿಡದ ಎಲೆ ಹಿಡಿದು ಅವನಿಗೆ ತೋರಿಸಿಕೊಟ್ಟವನು ನಾನು. ತಡೆಯಲಾರದೆ ಸಾವ್ಕಾರರನ್ನು ಕೇಳಿಯೇಬಿಟ್ಟೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಬಿ.ಎ. ಆದವರನ್ನು ಮಳೇಲಿ ನಿಲ್ಲಿಸ್ಲಿಕ್ಕೆ ಆಗ್ತದಾ ಮಾರಾಯ?"

ಪೂಣಚ್ಚ ಕೆಟ್ಟವನಾಗಿದ್ದರೆ ಎಷ್ಟೋ ಸುಖವಿತ್ತು. "ಅಣ್ಣಾ, ಒಳಗೆ ಬನ್ನಿ, ನೆನೀತಿದ್ದೀರಿ" ಎಂದು ಅವನು ಕರೆದಾಗಲೆಲ್ಲ ನನ್ನ ಹೊಟ್ಟೆಯುರಿ ಇನ್ನಷ್ಟು ಹೆಚ್ಚುತ್ತಿತ್ತು. ಒಂದು ಭಾನುವಾರ ಅವರ ಮನೆಗೆ ಕರೆದೊಯ್ದ. ಗೋಡೆಯಲ್ಲಿ ಅವನ ಅಪ್ಪನ ಡಿಗ್ರಿ, ಚಿಕ್ಕಪ್ಪನ ಡಿಗ್ರಿ, ಪಕ್ಕದಲ್ಲಿ ಅವನದು. ಕುರ್ಚಿಯ ಮೇಲಿನ ಅಸೂಯೆ ಆವತ್ತು ಚಿಕ್ಕದಾಯಿತು. ಅವನು ಬಿ.ಎ. ಆದದ್ದಕ್ಕೆ ಆ ಮನೆಯಲ್ಲಿ ಯಾರಿಗೂ ಆಶ್ಚರ್ಯವೇ ಆಗಿರಲಿಲ್ಲ. ನನಗೆ ಬೇಕಾಗಿದ್ದು ಅದು.

ಮಾವನಿಗೆ ಒಂದು ಕಾರ್ಡು ಬರೆದು ಹಾಕಿ, ಕೆಲಸ ಬಿಟ್ಟು, ಮಡಿಕೇರಿಯಲ್ಲಿ ಇಂಟರ್‌ಮೀಡಿಯೆಟ್ ಸೇರಿದೆ. ಆಮೇಲೆ ಮೈಸೂರಿನಲ್ಲಿ ಬಿ.ಎ. ಕಾಲೇಜಿನ ಹುಡುಗರು ನನ್ನನ್ನು "ತಾತ" ಎನ್ನುತ್ತಿದ್ದರು. ಕ್ರಿಸ್‌ಮಸ್ ರಜೆ ಬಂದರೆ ಅದೇ ತೋಟಕ್ಕೆ ಹೋಗಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಲೆಕ್ಕ ಬರೆಯುತ್ತಿದ್ದೆ; ಅದರಿಂದಲೇ ಫೀಸು. ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾದೆ. ಪೂಣಚ್ಚ ತನ್ನ ಹಳೆಯ ಪುಸ್ತಕಗಳನ್ನು ಕೊಟ್ಟ. ಅಂಚಿನಲ್ಲಿ ಅವನು ಪೆನ್ಸಿಲಿನಿಂದ ಬರೆದದ್ದನ್ನು ಓದುತ್ತಾ, ಇವನಿಗೆ ಇದೆಲ್ಲ ಇಷ್ಟು ಸುಲಭವಾಗಿತ್ತೇ ಎಂದು ಹಲ್ಲು ಕಡಿಯುತ್ತಿದ್ದೆ. ಆ ಸಿಟ್ಟಿನಲ್ಲೇ ಪಾಸಾದೆ ಅಂದರೂ ತಪ್ಪಿಲ್ಲ.

ಈಗ ಹುದಿಕೇರಿಯ ಆ ಬೆತ್ತದ ಕುರ್ಚಿ ನನ್ನದು. ಗಾಜಿನ ಕಿಟಕಿಯೂ ನನ್ನದೇ. ಆದರೆ ನಾನು ಅದರಲ್ಲಿ ಕೂರುವ ಹೊತ್ತಿಗೆ ಪೂಣಚ್ಚ ಮಡಿಕೇರಿಯಲ್ಲಿ ಸರ್ಕಾರಿ ಕುರ್ಚಿ ಹತ್ತಿದ್ದ. ಸುಳ್ಳೇಕೆ ಹೇಳಲಿ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಕುರ್ಚಿ ಸಿಗುವುದಕ್ಕೂ ಮೊದಲು, ಬಿ.ಎ. ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಅದನ್ನು ತೆಗೆದುಕೊಂಡು ಊರಿಗೆ ಹೋದೆ. ಮಾವ ಟವಲಿನಲ್ಲಿ ಕೈ ಒರೆಸಿಕೊಂಡು ಈಸಿಕೊಂಡ. "ನಿನ್ನ ಹೆಸ್ರು ಎಲ್ಲೈತ್ಲಾ?" ಎಂದ. ಬೆರಳಿಟ್ಟು ತೋರಿಸಿದೆ. ತನ್ನ ಬೆರಳನ್ನೂ ಅಲ್ಲೇ ಇಟ್ಟ. ನಾನು ಅಡುಗೆಮನೆಯ ಕಡೆ ತಿರುಗಿ, ಯೋಚನೆಯೇ ಇಲ್ಲದೆ, "ಅವ್ವಾ, ಕೂಳ್ ಆಯ್ತಾ?" ಎಂದುಬಿಟ್ಟೆ.

ಒಳಗೆ ಸೌಟಿನ ಸದ್ದು ನಿಂತಿತು. ಮಾವ ತಲೆಯೆತ್ತಿದ.

"ಬಿ.ಎ. ಓದ್ಬಂದು ಅವ್ವ ಮಾಡಿದ್ದುನ್ನ ಕೂಳು ಅಂತೀಯೇನ್ಲಾ?"

"ಅಲ್ಲ ಮಾವ, ಹುದಿಕೇರೀಲಿ ಅದು ಮರ್ಯಾದೆ ಮಾತು. ಬಾಯಿಗೆ ಬಂದುಬಿಡ್ತು..."

ಮಾವ ಸರ್ಟಿಫಿಕೇಟಿನ ಅಕ್ಷರಗಳ ಮೇಲೆ ಬೆರಳಾಡಿಸಿದ. "ನಾನೂ ಮೂರ್ನೇ ಕ್ಲಾಸು ತಂಕ ಹೋಗಿದ್ದೆ ಕಣ್ಲಾ," ಎಂದ. ಬಿ.ಎ. ನಮ್ಮನೆಗೆ ಬರಾಕಿಲ್ಲ ಎಂದು ಅವನು ಅಂದು ಹೇಳಿದ್ದರ ಹಿಂದೆ ಏನಿತ್ತು ಎಂದು ನನಗೆ ಹೊಳೆಯಿತು. ಪೂಣಚ್ಚನನ್ನು ನೋಡಿ ನನ್ನ ಹೊಟ್ಟೆಯಲ್ಲಿ ಎದ್ದ ಬೆಂಕಿಯೇ ಅದು.

ಅವನು ಎದ್ದು, ಸರ್ಟಿಫಿಕೇಟನ್ನು ನನಗೆ ವಾಪಸು ಕೊಡದೆ, ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದ.

"ನೀನು ಆ ಸೀಮೆಯೋನಾದೆ, ಹೋಗು. ಇದು ನಮ್ದು, ಇಲ್ಲೇ ಇರ್ಲಿ. ಈಗ ಕೈ ತೊಳ್ಕೊಂಡು ಬಾ, ಕೂಳು ಉಣ್ಣು."